ನೀರಿಗೆ ಲೋಳೆ ಕುಡಿಸಿದ ಕಾಕಾ

…ಅಥವಾ ಅದು ಬೆಂಡೆಯಲ್ಲ, ಚೌಳಿಕಾಯಿಯೇ, ಅಂದರೆ ಗೋರಿಕಾಯಿಯೇ ಇತ್ತೋ ಏನೋ. ಇಲ್ಲ, ಬೆಂಡೆಯೇ. ಚೌಳಿಯ ಮಾತನ್ನು ಯಾರೋ ಎಷ್ಟೋ ವರ್ಷದ ಮೇಲೆ ಹೇಳಿದರು. ಅದು ನನ್ನ ನೆನಪಿನೊಳಗೆ ನುಸುಳಿ ಬಂದಿರಬೇಕು. ನೆನಪಿಗೆ ಬಾಗಿಲಿದೆ, ಚಿಲಕವಿಲ್ಲ. ಯಾರು ಬೇಕಾದರೂ ಒಳಗೆ ಬಂದು ಕೂತು, ನಾನು ಮೊದಲಿನಿಂದ ಇಲ್ಲೇ ಇದ್ದೆ ಎನ್ನುತ್ತಾರೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ನಾನೇ ನಡೆಸಿದ್ದೆಷ್ಟು ಎಂದು ಯಾರೂ ಕೇಳಬಾರದು. ಒಂದು ಮಾತ್ರ ಖಾತ್ರಿ. ಜಮಖಂಡಿಯಲ್ಲಿ ಹಿಂದಿ ಕಲಿಸುವ ಮಾಸ್ತರರು ಹಲವರಿದ್ದರು. ನೀರಿಗೆ ನಡೆಯಲು ಕಲಿಸಿದ ಹಿಂದಿ ಮಾಸ್ತರರು ನನ್ನ ಕಾಕಾ ಒಬ್ಬರೇ!

ನಗಬೇಡಿ. ನೀರಿಗೆ ನೆಟ್ಟಗೆ ನಡೆಯಲು ಬರುವುದಿಲ್ಲ ಎಂಬುದು ಕಾಕಾನ ಗಟ್ಟಿ ನಂಬಿಕೆಯಾಗಿತ್ತು. ಅದನ್ನು ನಂಬಲು ಅವರಿಗೆ ಕಾರಣವೂ ಇತ್ತು.

ಅವರ ಮನೆ ಗುಡ್ಡದ ಇಳಿಜಾರಿನ ಓಣಿಯಲ್ಲಿತ್ತು. ಮೇಲೆ ಒಬ್ಬ ಸಾಹುಕಾರರ ತೋಟ, ತೋಟದಲ್ಲಿ ನೀರು ತುಂಬಿಡುವ ದೊಡ್ಡ ಕಲ್ಲಿನ ಹೌದ. ಹೌದದಿಂದ ಅರ್ಧ ಇಂಚಿನ ಕಬ್ಬಿಣದ ಪೈಪೊಂದು ಇಳಿದು ಓಣಿಯ ಐದು ಮನೆಗಳಿಗೆ ಬರುತ್ತಿತ್ತು. ಬೆಳಿಗ್ಗೆ ಒಂದೊಂದು ಮನೆಗೆ ಅರ್ಧ ತಾಸಿನ ಪಾಳಿ. ನಿಮ್ಮ ಪಾಳಿ ಮುಗಿದರೆ ನಿಮ್ಮ ನಳ ಮುಚ್ಚಬೇಕು, ಪಕ್ಕದವರು ತಮ್ಮದನ್ನು ತೆಗೆಯಬೇಕು. ಹೌದದಲ್ಲಿ ನೀರಿಗೆ ಬರವಿರಲಿಲ್ಲ. ಉಳಿದದ್ದು ತೋಟಕ್ಕೆ ಹೋಗುತ್ತಿತ್ತು. ಬರವಿದ್ದದ್ದು ಅರ್ಧ ತಾಸಿಗೆ. ಆ ಅರ್ಧ ತಾಸಿನಲ್ಲಿ ಕಾಕಾನ ಮನೆಯ ಸಿಮೆಂಟಿನ ಟಾಕಿಗೆ ಬಂದು ಬೀಳುತ್ತಿದ್ದದ್ದು ಇಪ್ಪತ್ತು ಕೊಡ. ಮನೆಗೆ ಬೇಕಾಗಿದ್ದದ್ದು ಇಪ್ಪತ್ತಾರು. ಉಳಿದ ಆರು ಕೊಡವನ್ನು ಕಾಕಾನ ಹೆಂಡತಿ, ಅಂದರೆ ನನ್ನ ಚಿಗವ್ವ, ಗುಡಿಯ ಹಿಂದಿನ ಬಾವಿಯಲ್ಲಿ ಸೇದಿ ಸೊಂಟದ ಮೇಲೆ ಹೊತ್ತು ತರುತ್ತಿದ್ದಳು.

ನಾನು ಆಗ ಮುಧೋಳದಲ್ಲಿ ಕಾರಕೂನನಾಗಿದ್ದೆ. ಶನಿವಾರ ಕಚೇರಿ ಮುಗಿಸಿ ಬಸ್ಸು ಹತ್ತಿ ಅವರ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆಯೇ ಮರಳುತ್ತಿದ್ದದ್ದು. ಇಪ್ಪತ್ತರಲ್ಲೇ ಸಂಸಾರ ತೂಗಿಸಬಾರದೇ ಎಂದು ಒಮ್ಮೆ ಚಿಗವ್ವನಿಗೆ ಬುದ್ಧಿ ಹೇಳಲು ಹೋದೆ. ಅವಳು ಹಿತ್ತಲಿನ ಕಡೆ ಕೈ ತೋರಿಸಿದಳು. "ಎಮ್ಮಿಗೆ ನೀನ ಹೇಳು ತಮ್ಮಾ, ಕಡಿಮಿ ಕುಡಿ ಅಂತ."

ಆ ವರ್ಷ ಚಿಗವ್ವನಿಗೆ ಮಿರಜಿನಲ್ಲಿ ಹೊಟ್ಟೆಯ ಆಪರೇಶನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರರು ಕಾಕಾನನ್ನು ಬದಿಗೆ ಕರೆದು, ಈಕೆ ಇನ್ನು ತುಂಬಿದ ಕೊಡ ಎತ್ತಕೂಡದು, ಒಳಗಿನ ಹೊಲಿಗೆ ಬಿಚ್ಚಿದರೆ ಎರಡನೇ ಸಲ ನಾನು ಏನೂ ಮಾಡಲಾರೆ ಎಂದರಂತೆ. ಕಾಕಾ ಆ ಮಾತನ್ನು ಮಿರಜಿನಿಂದ ಜಮಖಂಡಿಯವರೆಗೆ ಬಸ್ಸಿನಲ್ಲಿ ಒಬ್ಬರೇ ಹೊತ್ತುಕೊಂಡು ಬಂದು, ಮನೆಯಲ್ಲಿ ಇಳಿಸಿದರು. ಚಿಗವ್ವ ಕೇಳಿಸಿಕೊಂಡು ತಲೆಯಾಡಿಸಿದಳು. ಮರುವಾರದಿಂದ ಅರ್ಧ ಕೊಡ ತರಲು ಶುರು ಮಾಡಿದಳು! ಆರು ಸಲದ ಬದಲು ಹನ್ನೆರಡು ಸಲ. ಡಾಕ್ಟರರು ತುಂಬಿದ ಕೊಡದ ಮಾತಾಡಿದ್ದಾರೆಯೇ ಹೊರತು ಅರ್ಧ ಕೊಡದ ಸುದ್ದಿ ಎತ್ತಿಲ್ಲ ಎಂಬುದು ಅವಳ ವಾದ. ಈ ವಾದಕ್ಕೆ ಯಾವ ಕೋರ್ಟಿನಲ್ಲಿ ಉತ್ತರವಿದೆ, ಹೇಳಿ?

ಹಾಗಾದರೆ ಕಾಕಾ ಕೈ ಕಟ್ಟಿ ಕೂತಿದ್ದರೇ? ಇಲ್ಲ. ಅವರೂ ಹೆಗಲ ಮೇಲೆ ಕೊಡವಿಟ್ಟುಕೊಂಡು ಬಾವಿಗೆ ಹೋದರು. ಮೂರು ದಿನ ಹೋದರು. ನಾಲ್ಕನೆಯ ದಿನ ಚಿಗವ್ವ ಬಾವಿಯ ತನಕ ಬಂದು, ನಾಲ್ಕು ಹೆಂಗಸರ ಎದುರಿಗೆ ಅವರ ಹೆಗಲಿನಿಂದ ಕೊಡ ಇಳಿಸಿಕೊಂಡಳು. "ನಾ ಸತ್ತ ಮ್ಯಾಲ ಹೊರ್ರಿ" ಎಂದಳಂತೆ, ಬಹಳ ಮೆಲ್ಲಗೆ. ಕಾಕಾ ಮತ್ತೆ ಬಾವಿಗೆ ಹೋಗಲಿಲ್ಲ. ನೀರು ಹೊರಲು ಒಬ್ಬ ಹೆಣ್ಣಾಳನ್ನು ಗೊತ್ತು ಮಾಡಿದರು. ಆಕೆ ತಂದ ನೀರನ್ನು ಚಿಗವ್ವ ಎಮ್ಮೆಗೆ ಸುರಿದು, ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತಾನೇ ಮತ್ತೆ ತುಂಬಿಸಿ ತರುತ್ತಿದ್ದಳು. ಕೊಡ ತೊಳೆಯುವ ನೀರೂ ಸೇರಿ ಅಲ್ಲಿಗೆ ಅವಳ ಆರು ಕೊಡ ಎಂಟಾಯಿತು. ಹೆಣ್ಣಾಳನ್ನು ಬಿಡಿಸಬೇಕಾಯಿತು.

ಹೀಗಿರುವಾಗ ಕಾಕಾ ಒಂದು ಮಧ್ಯಾಹ್ನ ಬೆಲ್ಲ ತರಲು ಮುಧೋಳ ರಸ್ತೆಯ ಗಾಣಕ್ಕೆ ಹೋದರು. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ದಂಟನ್ನು ಜಜ್ಜಿ ನೀರಲ್ಲಿ ನೆನೆಸಿದ ಲೋಳೆಯನ್ನು ಅದಕ್ಕೆ ಹಾಕುತ್ತಾರೆ. ಹೊಲಸೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಬೆಲ್ಲ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಗಾಣದ ಆಳು ಆ ಲೋಳೆಯ ಬಕೆಟ್ಟನ್ನು ಅಲ್ಲಿನ ತೊಟ್ಟಿಯಲ್ಲಿ ಅದ್ದಿ ತೊಳೆದದ್ದನ್ನು ನೋಡಿದವರು ಕಾಕಾ ಒಬ್ಬರೇ. ತೊಟ್ಟಿಯಿಂದ ಒಂದು ಪೈಪು ಹೊರಟು ಕಬ್ಬಿನ ಸಾಲಿಗೆ ನೀರು ಬಿಡುತ್ತಿತ್ತು. ಬಕೆಟ್ಟು ತೊಳೆದ ಸ್ವಲ್ಪ ಹೊತ್ತಿಗೆ ಪೈಪಿನ ಬಾಯಿಯ ನೀರು ಮೊದಲು ಬೀಳುತ್ತಿದ್ದ ಕಲ್ಲನ್ನು ದಾಟಿ ಒಂದು ಗೇಣು ಮುಂದೆ ಹೋಗಿ ಬಿತ್ತು. ಲೋಳೆ ಹರಿದು ಹೋದ ಮೇಲೆ ಮತ್ತೆ ಹಿಂದಕ್ಕೆ ಬಂತು. ಕಾಕಾ ಗಾಣದವನ ಕೈಕಾಲು ಹಿಡಿದು ಸಂಜೆಯವರೆಗೆ ಅದೇ ಬಕೆಟ್ಟನ್ನು ಏಳೆಂಟು ಸಲ ತೊಳೆಸಿದರು.

ಕತ್ತಲಾಗುವಾಗ ಮನೆಗೆ ಬಂದರು. ಬೆಲ್ಲ ಎಲ್ಲಿ ಎಂದು ಚಿಗವ್ವ ಕೇಳಿದಳು. ಮರೆತೆ ಎಂದರು. ಕಾಲು ನೋಡಿ, ಚಪ್ಪಲಿ ಎಲ್ಲಿ ಎಂದಳು.

"ಒಂದ ಮೊದಲಿನ ನೀರಿಗೆ ಇಟ್ಟೀನಿ, ಒಂದ ಆಮ್ಯಾಗಿನ ನೀರಿಗೆ. ಗುರ್ತು ಬೇಕಲ್ಲ."

ಅವತ್ತು ಅವರು ಊಟ ಮಾಡಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಬೆಂಡೆಕಾಯಿ ಪಲ್ಯದ ಲೋಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಕೂದಲಿಗಿಂತ ಸಣ್ಣ ಎಳೆ ತೆಗೆದು ದೀಪಕ್ಕೆ ಹಿಡಿದರು. ಅವರು ಬನಹಟ್ಟಿಯ ನೇಕಾರ ಮನೆತನದವರು. ಎಳೆ ಕಂಡರೆ ಕೈ ಸುಮ್ಮನಿರುವುದಿಲ್ಲ.

"ಪೈಪಿನಾಗಿನ ನೀರಂದ್ರ ಬಸ್‌ಸ್ಟ್ಯಾಂಡಿನ ಮಂದಿ ಇದ್ಧಂಗ" ಎಂದರು. "ಮುಂದ ಹೋಗೂದು ಬಿಟ್ಟು ಒಬ್ಬರ ಮ್ಯಾಲ ಒಬ್ಬರು ಬೀಳತಾರ. ಸುಳಿ, ಸುಳಿಯಾಗ ಮತ್ತೊಂದು ಸುಳಿ. ಅರ್ಧಾ ಶಕ್ತಿ ನೂಕಾಟಕ್ಕ ಹೋಗತೈತಿ. ಈ ಎಳಿ ಐತೆಲ್ಲ, ಇದು ಸುಳಿ ಹುಟ್ಟೂ ಮುಂದನ ಅದರ ಕೈ ಹಿಡೀತೈತಿ. ನೂಕಾಟ ನಿಂತಿತಂದ್ರ ಉಳಿದ ಶಕ್ತಿ ಮುಂದ ಹೋಗಾಕ ಸಿಗತೈತಿ."

ಚಿಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಹಂಗಾದ್ರ ಸ್ಟ್ಯಾಂಡಿಗೂ ಒಂದ ಬುಟ್ಟಿ ಬೆಂಡಿಕಾಯಿ ಒಯ್ರಿ."

ಈ ಮಾತಿನಲ್ಲಿ ಎಷ್ಟು ಅವರು ಅವತ್ತು ಹೇಳಿದ್ದು, ಎಷ್ಟು ನಾನು ಆಮೇಲೆ ಓದಿ ಅವರ ಬಾಯಿಗೆ ತುರುಕಿದ್ದು? ಬಸ್‌ಸ್ಟ್ಯಾಂಡು ಅವರದೇ. ಎಳೆಯೂ ಅವರದೇ. ಉಳಿದದ್ದನ್ನು ನಾನು ಆಣೆ ಮಾಡಿ ಹೇಳಲಾರೆ.

ಮೊದಲ ಪ್ರಯೋಗ ಮುಂದಿನ ಭಾನುವಾರ. ಲೋಳೆ ಒಳ್ಳೆಯದಾದರೆ ಹೆಚ್ಚು ಲೋಳೆ ಇನ್ನೂ ಒಳ್ಳೆಯದಲ್ಲವೇ? ಕಾಕಾ ಗಟ್ಟಿ ಲೋಳೆಯನ್ನು ಎರಡು ಬಕೆಟ್ಟು ಹೊತ್ತುಕೊಂಡು ಗುಡ್ಡ ಹತ್ತಿ, ತಮ್ಮ ಪಾಳಿ ಶುರುವಾಗುತ್ತಲೇ ಹೌದದೊಳಗಿನ ಪೈಪಿನ ಬಾಯಿಗೆ ಸುರಿದರು. ಕೆಳಗೆ ನಾನೂ ಚಿಗವ್ವನೂ ಟಾಕಿಯ ಹತ್ತಿರ ಕಾದು ನಿಂತೆವು. ಟಾಕಿಯ ಒಳಗೋಡೆಗೆ ಕಾಕಾ ಇದ್ದಿಲಿನಲ್ಲಿ ಕೊಡಕ್ಕೊಂದರಂತೆ ಗೆರೆ ಎಳೆದಿದ್ದರು. ನಳದಿಂದ ನೀರು ಬೀಳಲಿಲ್ಲ, ಇಳಿಯಿತು. ಜಡೆಯ ಹಾಗೆ ಹೆಣೆದುಕೊಂಡು, ಬೇಸರದಿಂದ. ಅರ್ಧ ತಾಸಿಗೆ ಹದಿನೇಳು ಕೊಡ! ಮೊದಲಿಗಿಂತ ಮೂರು ಕಡಿಮೆ. ಅವತ್ತು ಚಿಗವ್ವ ಹದಿನೆಂಟು ಸಲ ಬಾವಿಗೆ ಹೋಗಿ ಬಂದಳು. ಕಾಕಾ ಕಟ್ಟೆಯ ಮೇಲೆ ಕೂತು ಅವಳು ಹೋಗುವುದನ್ನೂ ಬರುವುದನ್ನೂ ಎಣಿಸಿದರು. ಹದಿನಾಲ್ಕನೆಯ ಸಲಕ್ಕೆ ಅವಳು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತಳು. ಕಾಕಾ ಎದ್ದು ಒಳಗೆ ಹೋದರು.

ಪಕ್ಕದ ಮನೆಯವರ ಕಥೆ ಇನ್ನೊಂದು. ಪೈಪಿನಲ್ಲಿ ಉಳಿದ ಲೋಳೆಯೆಲ್ಲ ಅವರ ಪಾಳಿಗೆ ಇಳಿದಿತ್ತು. ಆ ಮನೆಯ ಯಜಮಾನರು ಚಹಾದ ಬಶಿತಟ್ಟೆಯನ್ನು ಬಾಯಿಯಿಂದ ತೆಗೆದರೆ ಚಹಾ ತುಟಿಯನ್ನು ಬಿಟ್ಟು ಬರಲೊಲ್ಲದು! ಅವರು ಜಗಳಕ್ಕೆ ಬಂದರು. ಹಿಂದೆಯೇ ಅವರ ಹೆಂಡತಿ ಬಂದಳು. ಆಕೆ ಅದೇ ನೀರಿನಲ್ಲಿ ತಲೆ ತೊಳೆದಿದ್ದಳು, ಕೂದಲು ರೇಶಿಮೆಯಾಗಿತ್ತು. ಗಂಡನನ್ನು ಹಿಂದಕ್ಕೆ ಸರಿಸಿ, ಮುಂದಿನ ಭಾನುವಾರವೂ ಹಾಕುತ್ತೀರೇನ್ರಿ ಮಾಸ್ತರ ಎಂದು ಕೇಳಿದಳು. ವಿಜ್ಞಾನ ಸೋತಿತ್ತು, ಜಡೆಗಳು ಗೆದ್ದಿದ್ದವು.

ಎರಡನೆಯ ತಪ್ಪು ಅದಕ್ಕೆ ತದ್ವಿರುದ್ಧ. ಈ ಸಲ ಲೋಳೆ ತೀರ ಕಡಿಮೆ. ಆದರೆ ನೀರಿಗೆ ಕಲಿಯಲು ಪುರಸೊತ್ತು ಸಿಗಲಿ ಎಂದು ನಳವನ್ನು ಕಾಲುಭಾಗ ಮಾತ್ರ ತೆಗೆಸಿದರು. ಏನೂ ಆಗಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡು ಒಂದು ತೀರ್ಮಾನಕ್ಕೆ ಬಂದರು. ಮೆಲ್ಲಗೆ ಹರಿಯುವ ನೀರಿನಲ್ಲಿ ಜಗಳವೇ ಇಲ್ಲ, ಅಲ್ಲಿ ಲೋಳೆ ಯಾರ ಜಗಳ ಬಿಡಿಸಬೇಕು? ಗದ್ದಲವಿದ್ದಲ್ಲಿ ಮಾತ್ರ ಅದರ ಗುಣ. ಈ ಸತ್ಯ ಕಂಡ ಸಂತೋಷದಲ್ಲಿ ಅವರು ಚಿಗವ್ವನಿಗೆ, ನಮ್ಮಿಬ್ಬರ ನಡುವೆ ಲೋಳೆ ಯಾಕೆ ಬೇಕಾಗಿಲ್ಲ ಗೊತ್ತೇನು, ನಾವು ಜಗಳವನ್ನೇ ಆಡುವುದಿಲ್ಲ ಎಂದರು. ಚಿಗವ್ವ ಅದು ಸುಳ್ಳೆಂದಳು. ಇಬ್ಬರೂ ಸಂಜೆಯವರೆಗೆ ಜಗಳವಾಡಿದರು.

ಮೂರನೆಯ ತಪ್ಪು ಕಡಗೋಲಿನದು. ಲೋಳೆ ಗಂಟುಗಂಟಾಗುತ್ತದೆ, ಹದವಾಗಿ ಬೆರೆಯಲಿ ಎಂದು ಕಾಕಾ ಅದನ್ನು ಮಜ್ಜಿಗೆಯ ಹಾಗೆ ಕಡೆದರು. ತಿಳಿನೀರಿನಂತೆ ನಯವಾಯಿತು. ಪೈಪಿಗೆ ಬಿಟ್ಟರೆ ಮತ್ತೆ ಅದೇ ಇಪ್ಪತ್ತು ಕೊಡ. ಕಾಕಾ ಪಾತ್ರೆಯೆದುರು ಕೂತಿದ್ದರು. ಚಿಗವ್ವ ಬಂದು ಬೆರಳು ಅದ್ದಿ, ಎರಡು ಬೆರಳಿನ ನಡುವೆ ಎಳೆದು ನೋಡಿದಳು. ಎಳೆ ಬರಲಿಲ್ಲ.

"ಹರದಾವ್ರಿ" ಎಂದಳು. "ಕಡದ ಕಡದ ಎಳಿ ಎಲ್ಲಾ ಹರದೀರಿ. ಹಾಸಿಗೆ ಗಂಜಿ ಹಚ್ಚೂ ಮುಂದ ಯಾರರೆ ಕುಂಚ ಒತ್ತಿ ತಿಕ್ಕಿದ್ರ ನಮ್ಮಪ್ಪ ಕೈ ಮ್ಯಾಲ ಹೊಡೀತಿದ್ದ."

ಹಾಸು ಎಂದರೆ ಮಗ್ಗದ ಉದ್ದನೆಯ ಎಳೆಗಳು. ಚಿಗವ್ವ ರಬಕವಿಯ ಮಗಳು. ನಡೆಯಲು ಕಲಿಯುವ ಮೊದಲು ಎಳೆ ಹಿಡಿಯಲು ಕಲಿತವಳು. ಕಾಕಾ ಗೆರೆ ನೋಡಿ ವಿಜ್ಞಾನ ಮಾಡುತ್ತಿದ್ದರೆ ಅವಳು ಬೆರಳಿನಿಂದ ಮಾಡಿದಳು. ಅವತ್ತಿನಿಂದ ಲೋಳೆಯ ಖಾತೆ ಅವಳದಾಯಿತು. ಎಳೆಯ ದಂಟು ಮಾತ್ರ ಆರಿಸುವಳು, ಜಜ್ಜದೆ ಸೀಳುವಳು, ನೆನೆಸಿ ತೆಳುಬಟ್ಟೆಯಲ್ಲಿ ಹಿಂಡದೆ ಸೋಸುವಳು. ಹಳತಾದರೆ ಎಳೆ ಸಾಯುತ್ತದೆಂದು ಆಯಾ ದಿನದ್ದನ್ನು ಆಯಾ ದಿನವೇ ಮಾಡುವಳು. ತನ್ನನ್ನು ಬಾವಿಯಿಂದ ಬಿಡಿಸಲು ನಡೆದ ಕೆಲಸಕ್ಕೆ ಅವಳು ಇಷ್ಟೊಂದು ಮುತುವರ್ಜಿ ವಹಿಸಿದ್ದು ಯಾಕೆ? ನೀರಿನ ಮೇಲಿನ ಆಸೆಯೋ, ಕಾಕಾನ ಮುಖದ ಮೇಲಿನ ಕನಿಕರವೋ? ಬಾವಿಗೆ ಹೋಗುವುದನ್ನಂತೂ ಅವಳು ಒಂದು ದಿನವೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಊರ ಸುತ್ತ ಬೆಂಡೆ ಮುಗಿಯಿತು. ಹೊಳೆಯ ದಂಡೆಯ ಅನಗವಾಡಿಯಲ್ಲಿ ಒಬ್ಬರ ಹೊಲದಲ್ಲಿ ಇನ್ನೂ ಇದೆ ಎಂದು ತಿಳಿದು ಕಾಕಾ ಅಲ್ಲಿಗೆ ಹೋಗಿ, ಬೇರು ಸಮೇತ ಒಂದು ಹೊರೆ ಗಿಡ ಹೊತ್ತು ಬಸ್ಸು ಹತ್ತಿದರು. ಇದು ಮೇವಿನ ಗಾಡಿ ಅಲ್ಲ ಎಂದನಂತೆ ಕಂಡಕ್ಟರ್. ಕಾಕಾ ಹೊರೆಗೂ ಅರ್ಧ ಟಿಕೀಟು ತೆಗೆಸಿ, ಕಿಟಕಿಯ ಪಕ್ಕ ಕೂರಿಸಿದರು. ಬೀಳಗಿ ದಾಟುವಷ್ಟರಲ್ಲಿ ಮಂದಿ ತುಂಬಿ ದಂಟುಗಳು ಕಾಲಡಿಗೆ ಸಿಕ್ಕವು. ಲೋಳೆ ಬಸ್ಸಿನ ತುಂಬ ಹರಿಯಿತು. ಹಿಂದಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಜಾರಿದವನು ಡ್ರೈವರನ ಹತ್ತಿರ ಬಂದು ನಿಂತ! ಕಾಕಾ ಅವನನ್ನು ಎಬ್ಬಿಸುತ್ತ, "ನೋಡ್ರಿ, ಎಷ್ಟ ಸರಳ ಮುಂದ ಬಂದ್ರಿ" ಎಂದರಂತೆ. ಈ ಪ್ರಸಂಗಕ್ಕೆ ನಾನು ಸಾಕ್ಷಿಯಲ್ಲ. ಕಾಕಾ ಹೇಳಿದ್ದು. ಮೊದಲ ಸಲ ಹೇಳಿದಾಗ ಕಂಡಕ್ಟರ್ ಅರ್ಧ ಬಸ್ಸಿನವರೆಗೆ ಮಾತ್ರ ಜಾರಿದ್ದ.

ಆ ಹೊರೆಯಲ್ಲಿ ಮಾಡಿದ ಪ್ರಯೋಗವೇ ಕೊನೆಯದು. ಅದಕ್ಕೆ ನಾನು ಸಾಕ್ಷಿ, ಅಂದರೆ, ಬಹುಮಟ್ಟಿಗೆ.

ಭಾನುವಾರ ಬೆಳಿಗ್ಗೆ ಕಾಕಾ ಒಂದು ತಂಬಿಗೆ ಲೋಳೆ, ಒಂದು ಹತ್ತಿಯ ಬತ್ತಿ, ಕೈಗಡಿಯಾರ ತೆಗೆದುಕೊಂಡು ಹೌದಕ್ಕೆ ಹೋದರು. ಬತ್ತಿಯಿಂದ ಹನಿಹನಿಯಾಗಿ ಲೋಳೆಯನ್ನು ಪೈಪಿನ ಬಾಯಿಗೆ ಬಿಡುವುದು ಅವರ ಕೆಲಸ. ನಳವನ್ನು ಪೂರ್ತಿ ತೆಗೆದು ಗೆರೆ ನೋಡುವುದು ನಮ್ಮದು. ಅವರು ಮೇಲಿನಿಂದ ಕೂಗಿದರು, ಚಿಗವ್ವ ನಳ ತಿರುವಿದಳು. ಸ್ವಲ್ಪ ಹೊತ್ತು ಎಂದಿನ ಹಾಗೆಯೇ ಬಂತು. ಆಮೇಲೆ ನೀರಿನ ಸದ್ದು ಬದಲಾಯಿತು. ಇದು ನನಗೆ ಚೆನ್ನಾಗಿ ನೆನಪಿದೆ. ಕಟಕಟ ಎನ್ನುತ್ತಿದ್ದ ನಳ ಸುಮ್ಮನಾಗಿ, ನೀರು ಗಾಜಿನ ಕೋಲಿನ ಹಾಗೆ ನುಣ್ಣಗೆ ಬರತೊಡಗಿತು. ಹತ್ತರ ಗೆರೆ ಮುಳುಗಿದಾಗ ಇನ್ನೂ ಕಾಲು ತಾಸೂ ಆಗಿರಲಿಲ್ಲ.

ಆಗ ಚಿಗವ್ವ, ಒಲೆ ಹಚ್ಚಬೇಕು, ಕಡ್ಡಿಪೆಟ್ಟಿಗೆ ತಗೊಂಡು ಬಾ ತಮ್ಮಾ ಎಂದು ನನ್ನನ್ನು ಮೂಲೆಯ ಅಂಗಡಿಗೆ ಕಳಿಸಿದಳು. ಅಂಗಡಿಯವ ಮಾತುಗಾರ. ನಾನೂ ಕಡಿಮೆಯವನಲ್ಲ. ಮರಳಿ ಬಂದಾಗ ನೀರು ಇಪ್ಪತ್ತನಾಲ್ಕರ ಗೆರೆಯನ್ನು ನೆಕ್ಕುತ್ತಿತ್ತು. ಚಿಗವ್ವ ಟಾಕಿಯ ಅಂಚು ಹಿಡಿದು ನಿಂತಿದ್ದಳು. ಮೇಲಿನಿಂದ ಕಾಕಾ ಪಾಳಿ ಮುಗಿಯಿತೆಂದು ಕೂಗಿದಾಗ ಇಪ್ಪತ್ತಾರರ ಗೆರೆ ಕಾಣಿಸುತ್ತಿರಲಿಲ್ಲ.

ಕಾಕಾ ಗುಡ್ಡದಿಂದ ಓಡಿ ಬಂದರು. ಐವತ್ತು ದಾಟಿದ ಮನುಷ್ಯ, ಧೋತರದ ಚುಂಗು ಒಂದು ಕೈಯಲ್ಲಿ, ಖಾಲಿ ತಂಬಿಗೆ ಒಂದು ಕೈಯಲ್ಲಿ. ಟಾಕಿಯೊಳಗೆ ಬಗ್ಗಿ ನೋಡಿದರು. ನೀರಿನೊಳಗೆ ಕೈ ಇಟ್ಟು, ಮುಳುಗಿದ ಗೆರೆಯನ್ನು ಬೆರಳಿನಿಂದ ತಡವಿ ನೋಡಿದರು. ಒಂದು ಭಾಷಣವಾದರೂ ಬರುತ್ತದೆಂದು ನಾನು ಕಾದೆ. ಅವರು ಚಿಗವ್ವನ ಕಡೆ ತಿರುಗಿ, "ಇನ್ನ ಬಾವಿಗೆ ಹೋಗಬ್ಯಾಡ" ಎಂದರು. ಅಷ್ಟೇ.

"ಹೂಂ" ಎಂದಳು ಅವಳು. "ಹೋಗೂದಿಲ್ಲ."

ಕಾಕಾ ಮುಖ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದರು. ಬಹಳ ಹೊತ್ತು ತೊಳೆದರು.

ಕಥೆಯನ್ನು ಇಲ್ಲಿ ಮುಗಿಸಿದರೆ ಎಲ್ಲರಿಗೂ ಸುಖ. ಆದರೆ ಸೋಮವಾರ ಮುಧೋಳದ ಬಸ್ಸಿನಲ್ಲಿ ಕೂತಾಗ ನನಗೆ ಒಂದು ವಿಷಯ ನೆನಪಾಯಿತು. ಕಡ್ಡಿಪೆಟ್ಟಿಗೆ ತಂದು ಒಲೆಯ ಮೇಲಿನ ಗೂಡಿನಲ್ಲಿ ಇಡುವಾಗ ಅಲ್ಲಿ ಆಗಲೇ ಒಂದಿತ್ತು. ತುಂಬಿದ್ದೋ ಖಾಲಿಯೋ, ನೋಡಲಿಲ್ಲ. ಇನ್ನೊಂದು: ಚಿಗವ್ವನ ಸೀರೆಯ ಎಡಬದಿ, ಕೊಡ ಕೂರುವ ಜಾಗ, ಒದ್ದೆಯಾಗಿತ್ತು. ಆದರೆ ಆ ಬೆಳಿಗ್ಗೆ ನಳದ ಎದುರು ನಿಂತವರೆಲ್ಲ ಒದ್ದೆಯಾಗಿದ್ದೆವು. ನನ್ನ ಅಂಗಿಯೂ ಒದ್ದೆ. ಅಂಗಡಿಯಲ್ಲಿ ನಾನು ಐದು ನಿಮಿಷ ನಿಂತಿದ್ದರೆ ಅವಳು ಬಾವಿಗೆ ಒಂದು ಸಲ ಹೋಗಿ ಬರುವುದೂ ಕಷ್ಟ. ಹತ್ತು ನಿಮಿಷ ನಿಂತಿದ್ದರೆ? ಎಷ್ಟು ನಿಂತಿದ್ದೆ? ಈಗ ಒಂದೊಂದು ಸಲ ಒಂದೊಂದು ಅನಿಸುತ್ತದೆ. ಅವಳು ಮೊದಲೇ ತಂದು ಬಚ್ಚಲಿನಲ್ಲಿ ಇಟ್ಟಿದ್ದಳೇ? ಬಚ್ಚಲಿಗೆ ನಾನು ಹೋಗಿರಲಿಲ್ಲ.

ಆಮೇಲೆ ಬಹಳ ವರ್ಷಕ್ಕೆ ನೀರಾವರಿ ಇಲಾಖೆಯ ಎಂಜಿನಿಯರ್ ಒಬ್ಬರ ಜೊತೆ ರೈಲಿನಲ್ಲಿ ಕೂತಾಗ, ನಗಿಸಲೆಂದು ಈ ಕಥೆ ಹೇಳಿದೆ. ಅವರು ನಗಲಿಲ್ಲ. ಉದ್ದುದ್ದ ಎಳೆಯಂಥ ಅಣುಗಳಿರುತ್ತವೆ, ಪಾಲಿಮರ್ ಎನ್ನುತ್ತಾರೆ, ಚಿಟಿಕೆಯಷ್ಟು ಬೆರೆಸಿದರೂ ಪೈಪಿನ ಗೋಡೆಯ ಹತ್ತಿರದ ಸುಳಿಗಳು ಅಡಗುತ್ತವೆ, ಹರಿವು ಹೆಚ್ಚುತ್ತದೆ, ಎಣ್ಣೆಯ ದೊಡ್ಡ ಪೈಪುಗಳಲ್ಲಿ ಇದನ್ನು ಬಳಸುತ್ತಾರೆ ಎಂದರು. ಗದ್ದಲದ ಹರಿವಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಹೆಚ್ಚು ಹಾಕಿದರೆ ದಪ್ಪಗಾಗಿ ಕೆಡುತ್ತದೆ, ಕಡೆದರೆ ಎಳೆ ಹರಿಯುತ್ತವೆ. ಚೌಳಿಯ ಬೀಜದ ಗೋಂದೂ ಆಗುತ್ತದೆ, ಬೆಂಡೆಯೂ ಆಗುತ್ತದೆ. ಇಪ್ಪತ್ತರದು ಇಪ್ಪತ್ತಾರು ಆಗಬಹುದೇ ಎಂದು ಕೇಳಿದೆ. ಆಗಬಹುದು, ಎಲ್ಲ ಹದವಾಗಿ ಕೂಡಿಬಂದರೆ, ಎಂದರು. ನನ್ನ ಅನುಮಾನ ಬಗೆಹರಿಯುತ್ತದೆ ಅಂದುಕೊಂಡಿದ್ದೆ. ಅದು ಇನ್ನೂ ಗಟ್ಟಿಯಾಯಿತು. ಅಸಾಧ್ಯವಾಗಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತು!

ಆ ಸುದ್ದಿ ಹೇಳಲು ಕಾಕಾ ಇರಲಿಲ್ಲ. ಲೋಳೆಯ ಪ್ರಯೋಗವಾದ ಎರಡು ವರ್ಷಕ್ಕೆ ಓಣಿಗೆ ದೊಡ್ಡ ಪೈಪು ಬಂತು. ಅಲ್ಲಿಯವರೆಗೆ ಬೆಂಡೆ ಇದ್ದ ದಿನವೆಲ್ಲ ಅವರು ಬತ್ತಿ, ತಂಬಿಗೆ ಹಿಡಿದು ಗುಡ್ಡ ಹತ್ತಿದರು. ಬೆಂಡೆ ಇಲ್ಲದ ದಿನ ಆರು ಕೊಡ ಎಲ್ಲಿಂದ ಬರುತ್ತಿತ್ತೆಂದು ನಾನು ಕೇಳಲಿಲ್ಲ. ಚಿಗವ್ವನ ಹೊಲಿಗೆ ಬಿಚ್ಚಲಿಲ್ಲ. ಅವಳು ಕಾಕಾನಿಗಿಂತ ಹತ್ತು ವರ್ಷ ಹೆಚ್ಚು ಬಾಳಿದಳು.

ಅವಳನ್ನು ಒಮ್ಮೆ ನೇರವಾಗಿಯೇ ಕೇಳಿದೆ. ಕಣ್ಣು ಮಂದವಾಗಿತ್ತು, ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. "ಚಿಗವ್ವಾ, ಅವತ್ತ ಇಪ್ಪತ್ತಾರು ಖರೇನ ಬಂದಿದ್ದುವೇನ?"

ಅವಳು ಧ್ವನಿ ಬಂದ ಕಡೆ ಮುಖ ತಿರುಗಿಸಿದಳು. ಎಂಜಿನಿಯರ್ ಹೇಳಿದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, "ಹೌದಾ? ನಿಮ್ಮ ಕಾಕಾ ಹೇಳಿದ್ದು ಖರೇ ಇತ್ತೇನ?" ಎಂದಳು. ಗೆದ್ದ ಧ್ವನಿ ಅದಲ್ಲ. ಅವಳಿಗೆ ಗೊತ್ತಿರಲಿಲ್ಲವೇ? ಅಥವಾ ಗೊತ್ತಿಲ್ಲದವಳಂತೆ ಕೇಳಿದಳೇ?

ಮತ್ತೆ ನಾನು ಗೆರೆಯ ಮಾತು ತೆಗೆದಾಗ ಅವಳು ಕೈಯಾಡಿಸಿದಳು. "ಅವರು ಗುಡ್ಡದಿಂದ ಓಡಿ ಬರಾಕತ್ತಿದ್ರು ತಮ್ಮಾ. ಎಲ್ಲಿ ಎಡವಿ ಬೀಳತಾರೋ ಅಂತ ನಾ ಅದನ್ನ ನೋಡಾಕತ್ತಿದ್ನಿ. ಗೆರಿ ಯಾರ ನೋಡ್ಯಾರ."

ನಾನು ನೋಡಿದ್ದೆ. ಇಪ್ಪತ್ತಾರರ ಗೆರೆ ಮುಳುಗಿದ್ದು ನಿಜ. ಆ ನೀರಿನಲ್ಲಿ ಪೈಪಿನಿಂದ ಬಂದದ್ದೆಷ್ಟು, ಅವಳ ಸೊಂಟದ ಮೇಲೆ ಬಂದದ್ದೆಷ್ಟು, ನನಗೆ ಗೊತ್ತಿಲ್ಲ.